ಮೊದಲು ಮಾತಾಡಿದ ಪಂಚ

ಗಂಡ ಶಿಯಾ, ಹೆಂಡತಿ ಸುನ್ನಿ ಎಂದು ತಿಳಿದವರೆಲ್ಲ ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ: ಮನೆಯಲ್ಲಿ ಜಗಳ ಆಗುವುದಿಲ್ಲವೇ? ಯಾಕೆ ಆಗುವುದಿಲ್ಲ, ಆಗುತ್ತದೆ. ಆದರೆ ಖಲೀಫರ ವಿಷಯಕ್ಕಲ್ಲ, ಕಾಲೇಜಿನಲ್ಲಿ ಕಲಿಸಿದ ನಮ್ಮ ಸರ್ ವಿಷಯಕ್ಕೆ. ಅವರು ಶಾಣ್ಯಾ, ಅಂದರೆ ಜಾಣ ಮನುಷ್ಯರೋ ಸಾದಾ ಮನುಷ್ಯರೋ ಎನ್ನುವುದು ಮದುವೆಯಾದಂದಿನಿಂದ ನಮ್ಮಲ್ಲಿ ಇತ್ಯರ್ಥವಾಗದ ವ್ಯಾಜ್ಯ. ನಾನು ಶಾಣ್ಯಾ ಎನ್ನುವವಳು. ನನ್ನ ಗಂಡ, ಅವರಷ್ಟು ಸಾದಾ ಮನುಷ್ಯ ಇಡೀ ಹುಬ್ಬಳ್ಳಿ-ಧಾರವಾಡದಲ್ಲಿ ಸಿಗಲಾರ ಎನ್ನುವವರು.

ಸರ್ ಹೋದ ವಾರ ನವನಗರದ ತಮ್ಮ ಮನೆಯಲ್ಲಿ ತೀರಿಕೊಂಡರು. ನಾಳೆ ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ. ಹಳೆಯ ವಿದ್ಯಾರ್ಥಿಗಳ ಪರವಾಗಿ ನಾವಿಬ್ಬರೂ ಎರಡೆರಡು ಮಾತು ಆಡಬೇಕಂತೆ. ಒಂದೇ ವೇದಿಕೆಯ ಮೇಲೆ ಗಂಡ ಒಬ್ಬ ಮನುಷ್ಯನನ್ನೂ ಹೆಂಡತಿ ಬೇರೊಬ್ಬ ಮನುಷ್ಯನನ್ನೂ ಹೊಗಳಿ ಕೆಳಗಿಳಿದರೆ ಕೇಳಿದವರು ಏನೆಂದುಕೊಂಡಾರು? ಅದಕ್ಕೇ ಬರೆದು ನೋಡುತ್ತಿದ್ದೇನೆ. ಬರೆದರೆ ತಲೆ ತಿಳಿಯಾಗುತ್ತದೆ ಎಂದು ಸರ್ ಹೇಳುತ್ತಿದ್ದರು. ನನಗಂತೂ ಇನ್ನೂ ಆಗಿಲ್ಲ.

ಅವರದು ಅರಳೆ ವ್ಯಾಪಾರದ ಲಿಂಗಾಯತ ಮನೆತನ. ಅಣ್ಣ ತಮ್ಮಂದಿರೆಲ್ಲ ಪೇಟೆಯಲ್ಲಿ ತಕ್ಕಡಿ ಹಿಡಿದು ಕೂತರೆ ಇವರೊಬ್ಬರು ಇತಿಹಾಸ ಓದಿ ವಿದ್ಯಾನಗರದ ಕಾಲೇಜೊಂದಕ್ಕೆ ಮಾಸ್ತರರಾಗಿ ಬಂದರು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ತೋಳು ಮಡಚಿದ ಬಿಳಿ ಅಂಗಿ, ಐವತ್ತು ದಾಟುವ ಮೊದಲೇ ಪೂರ್ತಿ ಬೆಳ್ಳಗಾದ ತಲೆ. ಆ ವೇಷದಲ್ಲಿ ಅವರು ನಮಗೆ ಕಲಿಸಿದ್ದು ಇಸ್ಲಾಮಿನ ಆರಂಭಕಾಲದ ಇತಿಹಾಸ. ಮೊದಲ ದಿನ ಕ್ಲಾಸಿಗೆ ಬಂದಾಗ, ಇವರು ದಾರಿ ತಪ್ಪಿ ಬಂದಿರಬೇಕು ಎಂದುಕೊಂಡು ನಾನು ಪಕ್ಕದ ಕೋಣೆ ತೋರಿಸಿದ್ದೆ.

"ನಾ ಕೆಲಸಕ್ಕ ಸೇರೂದ್ರಾಗ ಎಲ್ಲಾರೂ ತಮಗ ಛಲೋ ಅನ್ನಿಸಿದ ಪೇಪರ್ ಆರಿಸ್ಕೊಂಡಿದ್ರವಾ," ಎಂದು ಆಮೇಲೆ ಹೇಳಿದರು. "ನನ್ನ ಪಾಲಿಗೆ ಉಳದದ್ದು ಇದೊಂದ. ಉಳದ ರೊಟ್ಟಿ ಅಂತ ತಿನ್ನಾಕ ಹತ್ತಿದೆ, ರುಚಿ ಹತ್ತಿಬಿಡ್ತು."

ಅರಬ್ಬಿ ಹೆಸರುಗಳನ್ನು ಅವರು ಜೋಳದ ರೊಟ್ಟಿಯ ಹಾಗೆ ಬಡಿದು ಅಗಲ ಮಾಡಿ ಹೇಳುತ್ತಿದ್ದರು. ನಾವು ಮುಸಿಮುಸಿ ನಗುತ್ತಿದ್ದೆವು. ಅವರು ಬೇಸರಪಡುತ್ತಿರಲಿಲ್ಲ, ಮತ್ತೊಮ್ಮೆ ಅದೇ ಹೆಸರನ್ನು ಇನ್ನೂ ಅಗಲ ಮಾಡಿ ಹೇಳಿ ಮುಂದೆ ಹೋಗುತ್ತಿದ್ದರು.

ಅವರ ಪಾಠದ ರೀತಿಯೇ ಬೇರೆ. ಪೈಗಂಬರರು ತೀರಿಕೊಂಡ ಮೇಲೆ ಸಮುದಾಯದ ಮುಂದಾಳು ಯಾರಾಗಬೇಕಿತ್ತು ಎಂಬಲ್ಲಿಂದ ಶುರುವಾದ ಭಿನ್ನಾಭಿಪ್ರಾಯ ಸಾವಿರಕ್ಕೂ ಹೆಚ್ಚು ವರ್ಷಗಳಿಂದ ನಡೆದು ಬಂದಿದೆ. ಸುನ್ನಿಗಳಾದ ನಾವು ಹಜರತ್ ಅಲಿಯವರನ್ನು ನಾಲ್ಕನೆಯ ಖಲೀಫರೆಂದು ಗೌರವಿಸುವವರು. ಶಿಯಾಗಳಿಗೆ ಮೊದಲಿನಿಂದಲೂ ಹಕ್ಕು ಅವರದೇ. ಸರ್ ಸೋಮವಾರ ಸುನ್ನಿಗಳ ವಾದ ಹೇಳುತ್ತಿದ್ದರು. ಎಷ್ಟು ಚೆನ್ನಾಗಿ ಎಂದರೆ ನಮ್ಮ ಮಸೀದಿಯ ಹಜರತ್ತರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮಂಗಳವಾರ ಶಿಯಾಗಳ ವಾದ, ಅಷ್ಟೇ ಚೆನ್ನಾಗಿ. ಒಂದು ಸಲ ಮಂಗಳವಾರ ಬಾರದ ಶಿಯಾ ಹುಡುಗರೂ ಸೋಮವಾರ ತಪ್ಪಿಸಿದ ಸುನ್ನಿ ಹುಡುಗರೂ ಒಬ್ಬರ ಹಿಂದೊಬ್ಬರು ಹೋಗಿ ಪ್ರಿನ್ಸಿಪಾಲರಿಗೆ ದೂರು ಕೊಟ್ಟರು. ಸರ್ ಸುಮ್ಮನೆ, "ಎರಡೂ ದಿನ ಕ್ಲಾಸಿಗೆ ಬರಾಕ ಹೇಳ್ರಿ ಅವರಿಗೆ," ಎಂದು ಬಂದುಬಿಟ್ಟರು.

ಅವರ ಪಾಠಗಳಲ್ಲೆಲ್ಲ ಹೆಸರಾದದ್ದು ಸಿಫ್ಫೀನ್ ಪಾಠ. ಬೇರೆ ಕ್ಲಾಸಿನವರೂ ಬಂದು ಹಿಂದೆ ನಿಲ್ಲುತ್ತಿದ್ದರು.

"ಸಿಫ್ಫೀನ್ ಅಂದ್ರ ಒಂದು ಬಯಲು," ಎಂದು ಶುರುಮಾಡುತ್ತಿದ್ದರು. "ಇತ್ತಾಗ ಅಲಿಯವರ ದಂಡು, ಅತ್ತಾಗ ಸಿರಿಯಾದ ಮುಆವಿಯಾರ ದಂಡು. ಎರಡೂ ಕಡೆ ಒಂದ ದೇವರಿಗೆ ತಲಿ ಬಾಗಿಸೋ ಮಂದಿ. ಹೊಡದಾಟ ಜೋರಾದಾಗ ಅತ್ತಾಗಿನವರು ಭರ್ಚಿ ತುದಿಗೆ ಕುರಾನಿನ ಹಾಳಿ ಕಟ್ಟಿ ಎತ್ತಿದ್ರು. ನ್ಯಾಯ ಈ ಗ್ರಂಥ ಹೇಳ್ಲಿ ಅಂದ್ರು. ಗ್ರಂಥ ತಾನಾಗಿ ಮಾತಾಡೂದಿಲ್ಲ, ಮನಷ್ಯಾರ ಮಾತಾಡಬೇಕು. ಹಂಗಾಗಿ ಎರಡೂ ಕಡೆ ಒಬ್ಬೊಬ್ಬ ಪಂಚ. ಅಲಿಯವರ ಕಡೆ ಅಬೂ ಮೂಸಾ, ಸಾದಾ ಮನಷ್ಯಾ. ಆ ಕಡೆ ಅಮ್ರ್, ಶಾಣ್ಯಾ. ಇಬ್ಬರೂ ಒಳಗ ಕುಂತು ಮಾತಾಡ್ಕೊಂಡ್ರು: ಇಬ್ಬರನ್ನೂ ಕೆಳಗ ಇಳಸೂಣು, ಜನ ಹೊಸಬರನ್ನ ಆರಿಸ್ಲಿ. ಹೊರಗ ಬಂದ ಮ್ಯಾಲ ಅಮ್ರ್ ಅಂದ್ರು: ನೀವು ವಯಸ್ಸಿನ್ಯಾಗ ದೊಡ್ಡವರು, ಮೊದಲ ನೀವ ಮಾತಾಡ್ರಿ."

ಇಲ್ಲಿಗೆ ಬಂದಾಗ ಸರ್ ಮಣಿಕಟ್ಟಿನ ಗಡಿಯಾರ ಬಿಚ್ಚುತ್ತಿದ್ದರು. "ಅಬೂ ಮೂಸಾ ಬೆರಳಿನ ಉಂಗುರ ಬಿಚ್ಚಿದ್ರು ಅಂತಾರ. ನನ್ನ ಹತ್ರ ಉಂಗುರ ಇಲ್ಲ. ಈ ಗಡಿಯಾರ ಬಿಚ್ಚಿದಂಗ ನಾ ನಮ್ಮವರನ್ನ ಇಳಿಸೇನಿ ಅಂದ್ರು." ಗಡಿಯಾರ ಮೇಜಿನ ಮೇಲೆ. "ಆಮ್ಯಾಲ ಅಮ್ರ್ ಎದ್ದ್ರು. ಅವರು ತಮ್ಮವರನ್ನ ಇಳಿಸ್ಯಾರ, ನೀವ ಕೇಳೀರಿ. ನಾ ಮಾತ್ರ ನಮ್ಮವರನ್ನ ಹಿಂಗ ಕೂಡಿಸೇನಿ ಅಂದ್ರು." ಗಡಿಯಾರ ಮತ್ತೆ ಮಣಿಕಟ್ಟಿಗೆ. ಕ್ಲಾಸು ಉಸಿರು ಬಿಡುತ್ತಿರಲಿಲ್ಲ. ಸರ್ ಮಾತ್ರ ಏನೂ ಆಗದವರಂತೆ, "ಹಿಂಗ ನಡೀತೋ ಇಲ್ಲೋ ಅನ್ನೋದ್ರಾಗೂ ಜಗಳ ಐತಿ. ಇದು ಕಟ್ಟುಕಥಿ ಅನ್ನೋ ಪಂಡಿತರೂ ಅದಾರ. ಬರಕೋರಿ," ಎನ್ನುತ್ತಿದ್ದರು.

ಇನ್ನೊಂದು ಮಾತು ಈಗಲೇ ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ಗಂಡನಿಗೆ ಅನ್ಯಾಯವಾಗುತ್ತದೆ. ಬೇಸಿಗೆಯಲ್ಲಿ ಗಡಿಯಾರದ ಪಟ್ಟಿಗೆ ಸರ್ ಮಣಿಕಟ್ಟು ತುರಿಸುತ್ತಿತ್ತು. ಪಾಠ ಯಾವುದೇ ಇರಲಿ, ಸೆಖೆಯಾದರೆ ಗಡಿಯಾರ ಬಿಚ್ಚಿ ಎದುರಿಗೆ ಇಡುವುದು ಅವರ ರೂಢಿ.

ಆಗಿನ್ನೂ ನನ್ನ ಗಂಡನಾಗಿರದ ನನ್ನ ಗಂಡ ಒಂದು ದಿನ ಈ ಪಾಠದ ಕೊನೆಗೆ ಎದ್ದು ನಿಂತರು. "ಎರಡೂ ಕಡೆ ಹೇಳಿದ್ರಿ ಸರ್. ಈಗ ನೀವ ಹೇಳ್ರಿ, ಖರೆ ಯಾರ ಕಡೆ ಇತ್ತು?"

"ಭಾಳ ದೊಡ್ಡ ಪ್ರಶ್ನಿ ಕೇಳಿದಿ. ನನಗ ಸಣ್ಣ ಪ್ರಶ್ನಿ ಕೇಳಪಾ," ಎಂದರು ಸರ್.

"ಸುಮ್ಮನಿದ್ದರೂ ಒಂದು ಕಡೆ ಇದ್ದಂಗ ಆತಲ್ರಿ ಸರ್."

ಸರ್ ತಿರುಗಿ ಕರಿಹಲಗೆ ಒರೆಸಿದರು. ಆ ಹುಡುಗನ ಮುಖ ಕೆಂಪಗಾಗಿದ್ದು ನನಗೆ ಕಂಡಿತು. ನನಗೆ ಮಾತ್ರ ಒಳಗೊಳಗೆ ಹಾಯೆನಿಸಿತ್ತು. ನಮ್ಮ ಅಬ್ಬಾ ಹೇಳಿಕೊಟ್ಟದ್ದೂ ಅದೇ ಅಲ್ಲವೇ: ಅವರೆಲ್ಲ ಪೈಗಂಬರರ ಜೊತೆಗಿದ್ದ ದೊಡ್ಡವರು, ಅವರವರ ನಡುವಿನ ಜಗಳದಲ್ಲಿ ನಮ್ಮ ನಾಲಿಗೆ ಯಾಕೆ? ಆ ಹುಡುಗನ ಮನೆಯಲ್ಲಿ ಹೇಳಿಕೊಟ್ಟದ್ದು, ಅನ್ಯಾಯ ನಡೆದಲ್ಲಿ ನಾಲಿಗೆ ಸುಮ್ಮನಿದ್ದರೆ ಅದು ಅನ್ಯಾಯದ ಕಡೆ ಎಂದು. ಎರಡೂ ಸರಿಯಾಗಿಯೇ ಕೇಳುತ್ತವೆ. ನನ್ನ ಗೊಂದಲ ಅಲ್ಲಿಂದಲೇ ಶುರು.

ನಾವಿಬ್ಬರು ಮಾತಾಡುವಂತಾದದ್ದೂ ಸರ್ ಅವರಿಂದಲೇ. ಕಾಲೇಜಿನ ಪರೀಕ್ಷೆಗೆ ಅವರದೊಂದು ನಿಯಮವಿತ್ತು: ಸುನ್ನಿಗಳು ಶಿಯಾ ವಾದ ಬರೆಯಬೇಕು, ಶಿಯಾಗಳು ಸುನ್ನಿ ವಾದ ಬರೆಯಬೇಕು. ಉಳಿದವರಿಗೆ ನಾಣ್ಯ ಚಿಮ್ಮಿ ಹಂಚುತ್ತಿದ್ದರು. "ನಿಮ್ಮ ಕಡೀದು ನಿಮ್ಮ ಅವ್ವ ಅಪ್ಪ ಕಲಿಸ್ಯಾರ. ಅದಕ್ಕ ನಾ ಯಾಕ ಮಾರ್ಕ್ಸ್ ಕೊಡ್ಲಿ?" ಎನ್ನುತ್ತಿದ್ದರು. ಹಾಗಾಗಿ ನಾನು ಆ ಹುಡುಗನನ್ನು ಹುಡುಕಿಕೊಂಡು ಹೋಗಿ, ಪೈಗಂಬರರು ಅಲಿಯವರನ್ನು ಮುಂದಾಳೆಂದು ಸಾರಿದರು ಎಂದು ಶಿಯಾಗಳು ನಂಬುವ ಗದೀರ್ ಬಗ್ಗೆ ಕೇಳಬೇಕಾಯಿತು, ಅವನು ನನ್ನನ್ನು ಹುಡುಕಿಕೊಂಡು ಬಂದು ಮೊದಲ ಖಲೀಫರ ಆಯ್ಕೆಯ ಬಗ್ಗೆ ಕೇಳಬೇಕಾಯಿತು. ಕ್ಯಾಂಟೀನಿನಲ್ಲಿ ಗಿರ್ಮಿಟ್ ಮುಂದಿಟ್ಟುಕೊಂಡು ಅವನು ನನ್ನ ಪಕ್ಷಕ್ಕಾಗಿ ನಾನು ಅವನ ಪಕ್ಷಕ್ಕಾಗಿ ವಾದಿಸುತ್ತ ಕೂರುತ್ತಿದ್ದೆವು. ಪರೀಕ್ಷೆ ಮುಗಿದ ಮೇಲೂ ವಾದ ಮುಗಿಯಲಿಲ್ಲ.

ವಿಷಯ ಎರಡೂ ಮನೆಗಳಿಗೆ ಗೊತ್ತಾಯಿತು. ಹೊಡೆದಾಟ ಬಡಿದಾಟ ಏನೂ ಆಗಲಿಲ್ಲ, ಅದಕ್ಕಿಂತ ಕಷ್ಟದ್ದು ಆಯಿತು: ಷರತ್ತುಗಳು ಹುಟ್ಟಿದವು. ನಿಕಾಹ್ ನಮ್ಮ ಖಾಜಿಯೇ ಓದಬೇಕು, ನಾವು ಗೌರವಿಸುವ ಹಿರಿಯರ ಬಗ್ಗೆ ಆ ಮನೆಯಲ್ಲಿ ನನ್ನ ಮಗಳ ಕಿವಿಗೆ ಒಂದು ಕೆಟ್ಟ ಮಾತು ಬೀಳಬಾರದು ಎಂದರು ಅಬ್ಬಾ. ನಿಕಾಹ್ ನಮ್ಮ ಮೌಲಾನಾ ಓದಬೇಕು, ಮೊಹರಮ್ಮಿನಲ್ಲಿ ಸೊಸೆ ಕಪ್ಪು ತೊಟ್ಟು ಶೋಕದ ಮಜಲಿಸಿನಲ್ಲಿ ಕೂರಬೇಕು ಎಂದರು ಹುಡುಗನ ಅಮ್ಮ. ಎಲ್ಲದಕ್ಕಿಂತ ಗಟ್ಟಿಯಾಗಿ ನಿಂತದ್ದು ಚೋಂಗೆ. ಮೊಹರಮ್ ಬಂದರೆ ನಮ್ಮಲ್ಲಿ ಗೋಧಿ ಹಿಟ್ಟಿನ ರೊಟ್ಟಿಗೆ ಬೆಲ್ಲ, ಕೊಬ್ಬರಿ, ಗಸಗಸೆ ಹಾಕಿ ಚೋಂಗೆ ಮಾಡಿ ಓಣಿಗೆಲ್ಲ ಹಂಚುತ್ತಾರೆ. ಹಿಂದೂಗಳ ಮನೆಯಲ್ಲೂ ಮಾಡುತ್ತಾರೆ. ಶಿಯಾಗಳಿಗೆ ಅದು ಪೈಗಂಬರರ ಮೊಮ್ಮಗನ ಸಾವಿನ ದುಃಖದ ತಿಂಗಳು. ಸಾವಿನ ಮನೆಯಲ್ಲಿ ಸಿಹಿ ಮಾಡುವ ಸೊಸೆ ಬೇಡ ಎಂದರು ಅವರ ಅಮ್ಮ. ನನ್ನ ಅಜ್ಜಿಯ ಕಾಲದಿಂದ ಬಂದ ಚೋಂಗೆ ಬಿಡಿಸುವ ಮನೆಗೆ ಮಗಳನ್ನು ಕೊಡುವುದಿಲ್ಲ ಎಂದರು ನಮ್ಮ ಅಮ್ಮಿ.

ಅಬ್ಬಾ ದುರ್ಗದಬೈಲಿನ ಹತ್ತಿರ ಟೇಲರ್. ಸರ್ ಪ್ಯಾಂಟುಗಳನ್ನೆಲ್ಲ ಹೊಲಿದವರು ಅವರೇ. ಟೇಲರನನ್ನೂ ನಮ್ಮಲ್ಲಿ ಮಾಸ್ತರ ಎನ್ನುವುದರಿಂದ ಇಬ್ಬರೂ ಒಬ್ಬರನ್ನೊಬ್ಬರು ಮಾಸ್ತರ ಎಂದೇ ಕರೆಯುತ್ತಿದ್ದರು. ಒಂದು ಸಂಜೆ ಅಬ್ಬಾ ನನ್ನನ್ನು ಕರೆದುಕೊಂಡು ನವನಗರಕ್ಕೆ ಹೋದರು.

"ಮಾಸ್ತರ, ಇವಳ ಕೈಲೆ ಅವನ ಪಕ್ಷಾ ಬರಸಿದ್ರಿ, ಅವನ ಕೈಲೆ ಇವಳ ಪಕ್ಷಾ ಬರಸಿದ್ರಿ. ಈಗ ನೋಡ್ರಿ ಏನಾಗೈತಿ. ನೀವ ಹೊಲದದ್ದು, ನೀವ ಬಿಚ್ಚ್ರಿ."

"ನಾ ಪಂಚ ಆಗೂದಿಲ್ಲ ಮಾಸ್ತರ."

ಅದು ನಿಜ. ಅವರು ಯಾರ ಜಗಳಕ್ಕೂ ಪಂಚರಾದವರಲ್ಲ. ಸ್ವಂತ ಅಣ್ಣ ತಮ್ಮಂದಿರು ಅಂಗಡಿ ಪಾಲು ಮಾಡಿಕೊಂಡಾಗ ಇವರು ಹೋಗಿ ನುಗ್ಗೀಕೇರಿಯ ಹನುಮಪ್ಪನ ಗುಡಿಯಲ್ಲಿ ಕೂತಿದ್ದರಂತೆ. "ಇಬ್ಬರ ಜಗಳ ಮೂರನೆಯವಗ ಲಾಭ ಅಂತಾರ. ಆ ಮೂರನೆಯವ ಪಂಚ ಆಗಿದ್ರ ಲಾಭ ಇಲ್ಲ, ಬೈಗಳ," ಎನ್ನುವುದು ಅವರ ಮಾತು.

"ನಮ್ಮ ಜಮಾತಿನವರು ಬಂದ್ರ ಅವರು ಎದ್ದು ಹೊಕ್ಕಾರ. ಅವರ ಕಡಿಯವರು ಮಾತು ತಗದ್ರ ನಾ ಎದ್ದು ಹೊಕ್ಕೇನಿ," ಎಂದರು ಅಬ್ಬಾ. "ನಮಗ ನೀವು, ಅವರಿಗೆ ಹುಡುಗನ ಮಾಮೂ. ಇಬ್ಬರೂ ಕುಂತು ಮುಗಿಸ್ರಿ. ಮುಗೀಲಿಲ್ಲಾ, ನಾ ಇವಳಿಗೆ ಬೆಳಗಾವ್ಯಾಗ ನೋಡೀನಿ. ಅಲ್ಲಿಗೆ ಕೊಟ್ಟುಬಿಡ್ತೇನಿ."

ಬೆಳಗಾವಿಯ ವಿಷಯ ನಾನು ಕೇಳಿದ್ದೇ ಆಗ. ಚಹಾದ ಬಟ್ಟಲನ್ನು ಕುಡಿಯದೆ ಕೆಳಗಿಟ್ಟೆ. ಸರ್ ಅದನ್ನು ನೋಡಿದರು.

"ನಿನಗ ಇದು ಬೇಕೇನವಾ?"

"ಬೇಕ್ರಿ ಸರ್."

"ಇದು ಸಣ್ಣ ಪ್ರಶ್ನಿ," ಎಂದರು ಅವರು, ತಮಗೆ ತಾವೇ ಹೇಳಿಕೊಂಡಂತೆ. "ಬರ್ತೇನಿ ಮಾಸ್ತರ."

ಹಳೇ ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮಾತುಕತೆ. ಬೇಸಿಗೆಯ ಮಧ್ಯಾಹ್ನ. ಜಮಖಾನೆಯ ಮೇಲೆ ಈ ಕಡೆ ಸರ್, ಅಬ್ಬಾ. ಆ ಕಡೆ ಹುಡುಗ, ಅವನ ಮಾಮೂ. ಮಾಮೂ ಚಷ್ಮಾ ಅಂಗಡಿಯವರು, ಗಡ್ಡಕ್ಕೂ ತಲೆಗೂ ಮೆಹಂದಿ ಹಚ್ಚಿದ ಗಂಭೀರ ಮನುಷ್ಯ. ಮೊಹರಮ್ಮಿನಲ್ಲಿ ಅವರು ಮಜಲಿಸ್ ಓದಿದರೆ ಗಂಡಸರು ಬಿಕ್ಕಿ ಅಳುತ್ತಾರೆ ಎಂದು ಹೆಸರಿತ್ತು. ಹೆಂಗಸರು ಅಡುಗೆಮನೆಯ ಪರದೆಯ ಹಿಂದೆ. ಮನೆಯೊಳಗೆ ನಮ್ಮದು ಉರ್ದು, ಆದರೆ ಸರ್ ಇದ್ದಾರೆಂದು ಆ ದಿನ ಎಲ್ಲರೂ ಕನ್ನಡಕ್ಕೆ ಬಂದಿದ್ದರು. ಅಬ್ಬಾ ಹಿಂದಿನ ದಿನವೇ ಸರ್ ಬಾಯಲ್ಲಿ ನಮ್ಮ ಷರತ್ತುಗಳನ್ನೆಲ್ಲ ಪಾಠದ ಹಾಗೆ ಹೇಳಿಸಿ ಒಪ್ಪಿಸಿಕೊಂಡಿದ್ದರು.

ಯಾರು ಶುರುಮಾಡಬೇಕೆಂದು ಎಲ್ಲರೂ ನೋಡುತ್ತಿದ್ದಾಗ ಸರ್ ಗಂಟಲು ಸರಿಮಾಡಿಕೊಂಡರು. "ಮೊದಲ ನಾ ಮಾತಾಡ್ತೇನಿ. ನಾ ದೊಡ್ಡವ." ಮಾಮೂ ತಲೆಯಾಡಿಸಿದರು. ಸರ್ ಒಮ್ಮೆ ಅಬ್ಬಾರನ್ನು ನೋಡಿದರು, ಒಮ್ಮೆ ಮಾಮೂರನ್ನು. ಮಣಿಕಟ್ಟು ಕೆರೆದುಕೊಂಡರು. ಗಡಿಯಾರ ಬಿಚ್ಚಿ ಜಮಖಾನೆಯ ನಡುವೆ ಇಟ್ಟರು.

"ಹುಡುಗಿ ಕಡೆಯಿಂದ ಯಾವ ಷರತ್ತೂ ಇಲ್ಲ," ಎಂದರು.

ಅಬ್ಬಾ ಬಾಯಿ ತೆರೆದವರು ಮುಚ್ಚಲಿಲ್ಲ. ನನ್ನ ಪಕ್ಕದಲ್ಲಿದ್ದ ಅಮ್ಮಿ, "ಯಾ ಅಲ್ಲಾ, ಮಾಸ್ತರು ಮಾರಿಬಿಟ್ಟರು," ಎಂದು ಪಿಸುಗುಟ್ಟಿದಳು. ನನಗೆ ಮಾತ್ರ ಗಡಿಯಾರ ಕಂಡಿತು. ಎದುರಿಗೆ ಕೂತ ಹುಡುಗನ ಕಣ್ಣೂ ಗಡಿಯಾರದ ಮೇಲೇ ಇತ್ತು.

ಈಗ ಮಾಮೂ ಏನು ಹೇಳಿದರೂ ಆಗುತ್ತಿತ್ತು. ನಿಮ್ಮವು ಇಲ್ಲ ಅಂದಿರಿ, ಒಳ್ಳೆಯದು. ನಮ್ಮವು ಮಾತ್ರ ಇದ್ದ ಹಾಗೇ ಇರಲಿ ಎಂದುಬಿಟ್ಟರೆ ಎಲ್ಲ ಅವರದೇ. ಅವರು ಶುರುವೂ ಮಾಡಿದರು. "ಹಂಗಾದ್ರ ನಮ್ಮ ಷರತ್ತು..." ಎಂದವರು ನಿಂತರು. ಗಡಿಯಾರ ನೋಡಿದರು. ಸಿಫ್ಫೀನ್ ಕಥೆ ಅವರಿಗೆ ಯಾರು ಹೇಳಬೇಕು? ಎಷ್ಟೋ ವರ್ಷ ಅದನ್ನು ಓದಿ ಜನರನ್ನು ಅಳಿಸಿದವರು. ಮೊದಲ ಪಂಚ ತನ್ನ ಕಡೆಯದನ್ನು ಬಿಟ್ಟುಕೊಟ್ಟ ಮೇಲೆ ಎರಡನೆಯ ಪಂಚ ತನ್ನದನ್ನು ಉಳಿಸಿಕೊಂಡರೆ ಅವನನ್ನು ಏನೆಂದು ಕರೆಯುತ್ತಾರೆ ಎನ್ನುವುದು ಅವರಿಗಿಂತ ಚೆನ್ನಾಗಿ ಆ ಕೋಣೆಯಲ್ಲಿ ಯಾರಿಗೆ ಗೊತ್ತಿತ್ತು? ಶಿಯಾ ಮನುಷ್ಯ ಏನು ಬೇಕಾದರೂ ಆದಾನು, ಅಮ್ರ್ ಆಗಲಾರ.

ಅವರು ನೀರು ಕೇಳಿದರು. ಕುಡಿದು, ತಮ್ಮ ಪದ್ಧತಿಯಂತೆ ಕರ್ಬಲಾದಲ್ಲಿ ಬಾಯಾರಿ ಸತ್ತವರನ್ನು ನೆನೆದು, ಲೋಟ ಕೆಳಗಿಟ್ಟರು.

"ಸರ್, ನೀವು ನನ್ನ ಯಾವ ಜಾಗಾದಾಗ ಕುಂದ್ರಿಸಿದ್ರಿ?"

"ಯಾಕ್ರಿ, ಫ್ಯಾನ್ ಗಾಳಿ ಬರವಲ್ದೇನು?" ಎಂದರು ಸರ್.

ಅವರ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಏನೂ ಅರಿಯದ ಮುಖ. ಮಾಮೂ ಬಹಳ ಹೊತ್ತು ಆ ಮುಖವನ್ನೇ ನೋಡಿದರು. "ಆ ಜಾಗಾ ನಮಗ ಬ್ಯಾಡ," ಎಂದರು ಕೊನೆಗೆ. "ನಮ್ಮ ಕಡೆಯಿಂದನೂ ಯಾವ ಷರತ್ತೂ ಇಲ್ಲ." ಗಡಿಯಾರ ಎತ್ತಿ ಸರ್ ಅಂಗೈಯಲ್ಲಿ ಇಟ್ಟರು. ಪರದೆಯ ಹಿಂದೆ ನಾನು ಅತ್ತೆ. ಖುಷಿಗೆ ಅತ್ತೆನೋ ಹೆದರಿಕೆ ಇಳಿದದ್ದಕ್ಕೆ ಅತ್ತೆನೋ ಹೇಳಲಾರೆ.

ಅಬ್ಬಾ ಕೆಲವು ತಿಂಗಳು ಸರ್ ಪ್ಯಾಂಟು ಹೊಲಿಯಲಿಲ್ಲ. "ಅಳತಿ ಕೊಟ್ಟು ಕಳಸಿದ್ರ ಬಟ್ಟೀನ ದಾನಾ ಮಾಡಿ ಬಂದ್ರು," ಎಂದು ಸಿಡಿಮಿಡಿಗೊಂಡಿದ್ದರು. ನಿಕಾಹ್ ದಿನ ಖಾಜಿಯವರು ನೀವು ಓದಿ ಎಂದರು, ಮೌಲಾನಾ ಇಲ್ಲ ನೀವು ಓದಿ ಎಂದರು. ಷರತ್ತೇ ಇಲ್ಲವಲ್ಲ, ಹಟ ಹಿಡಿಯಲು ಯಾರಿಗೂ ಮುಖವಿಲ್ಲ. ಕೊನೆಗೆ ಇಬ್ಬರೂ ಓದಿದರು. ಒಂದೇ ಮಧ್ಯಾಹ್ನ ಒಬ್ಬನೇ ಗಂಡನನ್ನು ನಾನು ಎರಡು ಸಲ ಮದುವೆಯಾದೆ.

ಷರತ್ತಿಲ್ಲದ ಸಂಸಾರ ಸುಲಭ ಎಂದು ಯಾರಾದರೂ ತಿಳಿದಿದ್ದರೆ ನನ್ನನ್ನು ಕೇಳಬೇಕು. ಷರತ್ತು ಇದ್ದರೆ ತಪ್ಪು ಯಾರದು ಎಂದಾದರೂ ಗೊತ್ತಾಗುತ್ತದೆ. ನಮ್ಮಲ್ಲಿ ಪ್ರತಿ ಮೊಹರಮ್ಮಿಗೂ ಹೊಸದಾಗಿ ಗೊಂದಲ. ಮೊದಲ ವರ್ಷ ಅಮ್ಮಿ ಚೋಂಗೆಯ ಡಬ್ಬಿ ಕಳಿಸಿಯೇಬಿಟ್ಟಳು. ಅತ್ತೆ ಒಂದು ಮಾತೂ ಆಡದೆ ಡಬ್ಬಿ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನಾನು ಕಪ್ಪು ತೊಟ್ಟು ಅವರ ಪಕ್ಕದಲ್ಲಿ ಮಜಲಿಸಿನಲ್ಲಿ ಕೂತೆ; ಯಾರೂ ಹೇಳಿರಲಿಲ್ಲ, ಹೇಳದಿದ್ದುದರಿಂದಲೇ ಕೂತೆನೋ ಏನೋ. ಮಾಮೂ ಓದುತ್ತಿದ್ದರು. ನಾನೂ ಅತ್ತುಬಿಟ್ಟೆ. ದುಃಖದ ದಿನಗಳು ಕಳೆದ ಮೇಲೆ ಅತ್ತೆ ಡಬ್ಬಿ ತೆಗೆದು, ಗಟ್ಟಿಯಾದ ಚೋಂಗೆಯ ತುಂಡು ಬಾಯಿಗೆ ಹಾಕಿಕೊಂಡು, "ನಿಮ್ಮ ಅಮ್ಮಿ ಬೆಲ್ಲ ಭಾಳ ಹಾಕ್ಯಾಳ," ಎಂದರು. ಮುಂದಿನ ವರ್ಷದಿಂದ ಡಬ್ಬಿ ನೇರ ನವನಗರಕ್ಕೆ ಹೋಗತೊಡಗಿತು. ಕಪ್ಪಂಗಿ ತೊಟ್ಟ ನನ್ನ ಗಂಡ ತಾವು ಮುಟ್ಟದ ಸಿಹಿಯನ್ನು ಹೊತ್ತುಕೊಂಡು ಹೋಗಿ ವಿಭೂತಿ ಹಚ್ಚಿದ ಮಾಸ್ತರಿಗೆ ಕೊಟ್ಟು ಬರುತ್ತಿದ್ದರು. ಇದನ್ನು ನೋಡಿದ ನೆರೆಯವರಿಗೆ ಏನೂ ಅರ್ಥವಾಗುತ್ತಿರಲಿಲ್ಲ. ನಮಗೇ ಆಗುತ್ತಿರಲಿಲ್ಲ.

ಮೊದಲಿನಿಂದ ನನ್ನ ವಾದ ಇಷ್ಟೇ: ಸರ್ ಬೇಕೆಂದೇ ಹಾಗೆ ಮಾಡಿದರು. ಮಾಮೂರನ್ನು ಕಟ್ಟಿಹಾಕಲು ಬೇರೆ ಹಗ್ಗವೇ ಇರಲಿಲ್ಲ. ನನ್ನ ಗಂಡನ ವಾದ: ಸರ್ ಹೆದರಿದ್ದರು, ಸಾದಾ ಮನುಷ್ಯ, ಮಾತು ಹೊರಡಲಿಲ್ಲ, ಸೆಖೆಗೆ ಗಡಿಯಾರ ಬಿಚ್ಚಿದರು. ಕ್ಲಾಸಿನಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಡಲಾಗದವರು ಮನೆಯಲ್ಲಿ ಅಷ್ಟು ದೊಡ್ಡ ಆಟ ಆಡುತ್ತಾರೆಯೇ? ಆ ಪ್ರಶ್ನೆಯ ಕೆಂಪು ಅವರ ಮುಖದಿಂದ ಪೂರ್ತಿ ಹೋಗಿರಲೇ ಇಲ್ಲ.

ಈ ವರ್ಷ ಚೋಂಗೆ ತೆಗೆದುಕೊಂಡು ನಾನೇ ಹೋದೆ. ಸರ್‌ಗೆ ಹುಷಾರಿರಲಿಲ್ಲ. ದಿಂಬಿಗೆ ಒರಗಿ ಕೂತು ಒಂದು ಚೂರು ಮುರಿದುಕೊಂಡರು. ಇನ್ನು ಕೇಳದಿದ್ದರೆ ಎಂದೂ ಕೇಳಲಾರೆ ಎನಿಸಿತು.

"ಸರ್, ಆವತ್ತು ನಮ್ಮನ್ಯಾಗ ಗಡಿಯಾರ ಬಿಚ್ಚಿ ಇಟ್ರೆಲ್ಲಾ, ಅದು ಬೇಕಂತ ಮಾಡಿದ್ರೇನ್ರಿ?"

ಸರ್ ನಕ್ಕರು. "ಖರೇ ಹೇಳ್ಲೇನು? ಬಾಯಿ ತಗದ ಮ್ಯಾಲ ಯಾವ ಷರತ್ತು ಯಾರದು ಅನ್ನೋದ ತಲಿಯಿಂದ ಹಾರಿ ಹೋತವಾ. ಜನ್ಮಾ ಪೂರ್ತಿ ಸೋಮವಾರ ಒಂದು ಪಕ್ಷಾ, ಮಂಗಳವಾರ ಇನ್ನೊಂದು ಪಕ್ಷಾ ಹೇಳಿದವ ನಾ. ಆವತ್ತು ಐತವಾರ. ಚೋಂಗ್ಯಾ ಬ್ಯಾಡ ಅಂದವರು ನೀವೋ ಅವರೋ? ತಿರಗಾ ಮುರಗಾ ಹೇಳಿದ್ರ ನಿನ್ನ ಮದವಿ ಹೋಗ್ತಿತ್ತು. ಅದಕ್ಕ ಏನೂ ಇಲ್ಲ ಅಂದುಬಿಟ್ಟೆ."

"ಮತ್ತ ಗಡಿಯಾರ?"

"ತುರಸಾಕ ಹತ್ತಿತ್ತು."

ನಾನೂ ನಕ್ಕೆ. ಆದರೆ ಯೋಚನೆ ಬಿಡಲಿಲ್ಲ: ನನ್ನ ಇಡೀ ಸಂಸಾರ ಒಬ್ಬ ಮಾಸ್ತರರ ಮರೆವಿನ ಮೇಲೆ ನಿಂತಿದೆಯೇ? ಚೋಂಗೆಯ ಇನ್ನೊಂದು ಚೂರು ಮುರಿದುಕೊಂಡು ಅವರೇ ಮಾತು ತೆಗೆದರು. "ನಿನ್ನ ಗಂಡ ಕ್ಲಾಸಿನ್ಯಾಗ ಒಂದು ಪ್ರಶ್ನಿ ಕೇಳಿದ್ದ. ಅವಗ ಉತ್ತರಾ ಕೊಡಲಿಲ್ಲ ನಾ. ಅದು ಮನಸ್ಸಿನ್ಯಾಗ ಉಳದೈತಿ."

"ಉತ್ತರಾ ಗೊತ್ತಿತ್ತೇನ್ರಿ ಸರ್?"

"ಈ ಸಲದ ಚೋಂಗ್ಯಾ ಛಲೋ ಆಗೈತಿ," ಎಂದರು ಸರ್.

ಮನೆಗೆ ಬಂದು ಇದನ್ನು ನಾನು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ವರ್ಷಗಳ ವಾದ ಒಂದೇ ಏಟಿಗೆ ಸೋಲುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ಸರ್ ಖರೆ ಹೇಳಿದರೋ ನನ್ನನ್ನು ಆಟ ಆಡಿಸಿದರೋ ಎನ್ನುವುದೇ ಗೊತ್ತಾಗಲಿಲ್ಲ.

ತೀರಿಕೊಂಡ ದಿನ ಎಲ್ಲರೂ ಹೋದೆವು. ಮಾಮೂ ಕೋಲೂರಿಕೊಂಡು ಬಂದಿದ್ದರು. ಸರ್ ಅವರನ್ನು ಲಿಂಗಾಯತ ಪದ್ಧತಿಯಂತೆ ಕೂಡಿಸಿ, ಹೂವು ಹಾಕಿ, ಹಣೆಗೆ ವಿಭೂತಿ ಬಳಿದಿದ್ದರು. ಮಣಿಕಟ್ಟು ಬರಿದಾಗಿತ್ತು. ನನಗೆ ದುಃಖ ತಡೆಯಲಿಲ್ಲ. ಗಂಡಸರು ರುದ್ರಭೂಮಿಗೆ ಹೋದರು, ನಾನು ಸರ್ ಹೆಂಡತಿಯ ಪಕ್ಕದಲ್ಲಿ ಕೂತೆ. ನನ್ನ ಗಂಡ ತಿರುಗಿ ಬಂದಾಗ ಉಗುರಿನಲ್ಲಿ ಮಣ್ಣಿತ್ತು. ಯಾರೋ ಕೈಗೆ ಕೊಟ್ಟ ವಿಭೂತಿಯನ್ನು ಏನು ಮಾಡಬೇಕೆಂದು ತಿಳಿಯದೆ ಮುಷ್ಟಿಯಲ್ಲೇ ಹಿಡಿದಿದ್ದರು.

ಮಾಮೂರನ್ನು ಆಟೋ ಹತ್ತಿಸಿ ನಾವು ಚಿಗರಿ ಬಸ್ಸು ಹತ್ತಿದೆವು. ಬೈರಿದೇವರಕೊಪ್ಪ ದಾಟಿತು. ನನ್ನ ಗಂಡ ಒಮ್ಮೆಲೇ, "ನೀ ಹೇಳೂದ ಖರೆ. ಅವರು ಶಾಣ್ಯಾ ಇದ್ರು," ಎಂದರು.

ನಾನು ತಿರುಗಿ ನೋಡಿದೆ.

"ಮಾತುಕತಿ ಹಿಂದಿನ ದಿನ ಚಷ್ಮಾದ ಸ್ಕ್ರೂ ಸಡಲಾಗೈತಿ ಅಂತ ಮಾಮೂನ ಅಂಗಡಿಗೆ ಹೋಗಿದ್ರಂತ. ನಿಮ್ಮ ವಯಸ್ಸೆಷ್ಟ್ರಿ ಅಂತ ಕೇಳಿದ್ರಂತ. ಮಾಮೂ ಹೇಳ್ಯಾನ. ಹಂಗಾದ್ರ ನಾ ನಿಮಗಿಂತ ಒಂದು ವರ್ಷ ದೊಡ್ಡವ, ನಾಳೆ ಮೊದಲ ನಾ ಮಾತಾಡ್ತೇನಿ ಅಂದ್ರಂತ. ಮಾಮೂ ಬಿಳಿ ತಲಿ ನೋಡಿ ನಂಬ್ಯಾನ. ಇವತ್ತು ಮಣ್ಣು ಕೊಡೂ ಹೊತ್ತಿನ್ಯಾಗ ಯಾರೋ ವಯಸ್ಸೆಷ್ಟಾಗಿತ್ತು ಅಂತ ಕೇಳಿದ್ರು. ಎಪ್ಪತ್ತು ತುಂಬಿರಲಿಲ್ಲ ಅಂತ ಅವರ ಅಣ್ಣಾರು ಹೇಳಿದ್ರು. ಮಾಮೂ ಕೋಲು ಹಿಡಕೊಂಡು ನಿಂತ ನಿಂತ. ಅವನಿಗೆ ಎಪ್ಪತ್ನಾಲ್ಕು. ಹುಚ್ಚನಂಗ ನಗಾಕ ಹತ್ತಿದ, ಆಮ್ಯಾಲ ಅತ್ತ."

ಮೊದಲು ಮಾತಾಡಲು ಸುಳ್ಳು ಹೇಳಿದವರು, ಮಾತಾಡುವ ಹೊತ್ತಿಗೆ ಏನು ಮಾತಾಡಬೇಕೆಂಬುದನ್ನು ಮರೆತರೇ? ಅಥವಾ ಮರೆತೆ ಎಂದು ನನಗೆ ಹೇಳಿದ್ದೇ ಸುಳ್ಳೇ? ಇಷ್ಟು ವರ್ಷ ಕಾದು ಗೆದ್ದ ವಾದವನ್ನು ಸುಮ್ಮನೆ ಜೇಬಿಗೆ ಹಾಕಿಕೊಳ್ಳಬಹುದಿತ್ತು. ಆದರೆ ದಿಂಬಿಗೆ ಒರಗಿ ನಕ್ಕ ಆ ಮುಖ ಕಣ್ಣಮುಂದೆ ಬಂತು. ಆ ಮುಖ ಸುಳ್ಳು ಹೇಳುವ ಮುಖವಲ್ಲ.

"ಇಲ್ರಿ," ಎಂದೆ. "ನೀವು ಹೇಳೂದ ಖರೆ. ಸಾದಾ ಇದ್ರು." ಚೋಂಗೆಯ ದಿನ ನಡೆದ ಮಾತನ್ನೆಲ್ಲ ಹೇಳಿದೆ. ಅವರು ಬಾಯಿ ಮುಚ್ಚದೆ ಕೇಳಿದರು. ಕ್ಲಾಸಿನ ಪ್ರಶ್ನೆ ಸರ್ ಮನಸ್ಸಿನಲ್ಲಿ ಉಳಿದಿತ್ತು ಎಂದಾಗ ಮುಖ ಕಿಟಕಿಯ ಕಡೆ ತಿರುಗಿಸಿದರು. ವಿಭೂತಿ ಹಿಡಿದ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ನನ್ನ ವಾದ ಅವರು ಮಾಡುತ್ತಿದ್ದಾರೆ, ಅವರ ವಾದ ನಾನು. ಕ್ಯಾಂಟೀನಿನಲ್ಲಿ ಮಾಡಿದ ಹಾಗೆಯೇ. ಸರ್ ಇದ್ದಿದ್ದರೆ ಇಬ್ಬರಿಗೂ ಒಳ್ಳೆಯ ಮಾರ್ಕ್ಸ್ ಕೊಡುತ್ತಿದ್ದರು. ಜಗಳ ಮಾತ್ರ ಒಂದು ಕೂದಲೆಳೆಯಷ್ಟೂ ಸರಿದಿಲ್ಲ.

ಇಷ್ಟು ಬರೆಯುವ ಹೊತ್ತಿಗೆ ಕಾಲೇಜಿನಿಂದ ಫೋನು ಬಂತು. ನಾಳೆ ಸಭೆಯಲ್ಲಿ ಗಂಡ ಹೆಂಡತಿ ಇಬ್ಬರಲ್ಲಿ ಮೊದಲು ಯಾರು ಮಾತಾಡುತ್ತೀರಿ ಎಂದು ಕೇಳಿದರು. ಅವರನ್ನೇ ಮೊದಲು ಕರೆಯಿರಿ ಎಂದು ಹೇಳಿದ್ದೇನೆ. ವಯಸ್ಸಿನಲ್ಲಿ ನನಗಿಂತ ದೊಡ್ಡವರು.